ಗೆಳೆಯನಿಗೊಂದು ಪತ್ರ: ಗ್ಯಾಲರಿ ಕಟ್ಟುವ ಮೊದಲು ಹಾರ್ವರ್ಡಿನ ಕಥೆ ಓದು

ಟಿಳಕವಾಡಿ, ಬೆಳಗಾವಿ

ಪ್ರೀತಿಯ ದೋಸ್ತ,

ನಿನ್ನ ಫೋಟೊ ಬಂದು ಮುಟ್ಟಿತು. ಮಗಳ ಮನೆಯಿಂದ ಬಾಸ್ಟನ್ನಿನ ಚಾರ್ಲ್ಸ್ ನದಿ ದಂಡೆಗೆ ವಾಕಿಂಗ್ ಹೋದಾಗ ಕಾಣುವ ಆ ಬೂದುಬಣ್ಣದ, ಕಮಾನು ಸಾಲಿನ ಕಟ್ಟಡ ತೆಗೆದು, "ಹಳೇ ಕಾಂಕ್ರೀಟ್ ಐತಿ ನೋಡು, ನಿನ್ನ ಲೈನಿಂದು" ಅಂತ ಒಂದೇ ಸಾಲು ಬರೆದು ಸುಮ್ಮನಾಗಿದ್ದೀ. ಅದು ಹಾರ್ವರ್ಡ್ ಸ್ಟೇಡಿಯಂ, ದೋಸ್ತ. ಉಸುಕು, ಖಡಿ, ಸಳಿ ನಂಬಿ ಅನ್ನ ತಿನ್ನುವ ನನಗೆ ಅದರ ಮೇಲೆ ಎಷ್ಟು ವರ್ಷದ ಭಕ್ತಿ ಇದೆ ಅಂತ ನಿನಗೆ ಹೇಗೆ ಹೇಳಲಿ? ಒಂದು ಯೂನಿವರ್ಸಿಟಿ ತನ್ನ ಹುಡುಗರ ಆಟಕ್ಕೆ ಗ್ಯಾಲರಿ ಕಟ್ಟಿತು. ಮೂರೇ ವರ್ಷದಲ್ಲಿ ಆ ಗ್ಯಾಲರಿ ಇಡೀ ದೇಶದ ಅಮೆರಿಕನ್ ಫುಟ್‌ಬಾಲಿನ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದ, ನಿಯಮ ಬದಲಾಗುವುದಕ್ಕೆ ಒಂದು ಕಾರಣವಾಯಿತು. ನೀನು ದಿನಾ ಅದರ ಪಕ್ಕದಲ್ಲೇ ನಡೆದು ಹೋಗುತ್ತಿದ್ದೀ!

ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸದೆ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನಮ್ಮ ಬ್ಯಾಚಿನವರು ಸೇರಿ ಕಾಲೇಜಿನ ಮೈದಾನಕ್ಕೆ ಒಂದು ಗ್ಯಾಲರಿ ಕಟ್ಟಿಸಿಕೊಡಬೇಕು ಅಂತ ಹೊರಟಿದ್ದಾರೆ, ಡ್ರಾಯಿಂಗ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಗ್ರೂಪಿನಲ್ಲಿ ದಿನಾ ವಾದ ನಡೆದಿದೆ. ಮೂರೂ ಕಡೆ ಗ್ಯಾಲರಿ ಬರಲಿ, ಗೆರೆಗೆ ಹತ್ತಿರವೇ ಬರಲಿ, ಆಟಗಾರರ ಉಸಿರು ಕೇಳಬೇಕು ಅಂತ ಅರ್ಧ ಜನ ಹಟ ಹಿಡಿದಿದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಪಾಯ ತೋಡುವ ಮೊದಲು ಅವರೆಲ್ಲ ಹಾರ್ವರ್ಡಿನ ಕಥೆ ಓದಲಿ ಅನ್ನುವುದು ನನ್ನ ಆಸೆ.

ಕಥೆಯನ್ನು ಸ್ಟೇಡಿಯಂಗಿಂತ ಮೂವತ್ತು ವರ್ಷ ಹಿಂದಿನಿಂದ ಹೇಳಬೇಕು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಒಂದೊಂದು ಕಡೆ 25 ಹುಡುಗರನ್ನು ಇಳಿಸಿ ಆಡಿದವು. ರಟ್ಗರ್ಸ್ 6–4ರಿಂದ ಗೆದ್ದಿತು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂತಿರಲಿಲ್ಲ, ಅಂದರೆ ಅದು ನಮ್ಮ ಫುಟ್‌ಬಾಲಿಗೆ ಹತ್ತಿರದ್ದು. 1873ರಲ್ಲಿ ಯೇಲ್, ಪ್ರಿನ್ಸ್‌ಟನ್, ರಟ್ಗರ್ಸ್ ಕೂಡಿ ಎಲ್ಲರಿಗೂ ಒಂದೇ ನಿಯಮ ಮಾಡೋಣ ಅಂತ ಸಭೆ ಕರೆದವು. ಹಾರ್ವರ್ಡ್ ಹೋಗಲಿಲ್ಲ. ಅವರ ಕ್ಯಾಂಪಸ್ಸಿನಲ್ಲಿ 'ಬಾಸ್ಟನ್ ಗೇಮ್' ಅಂತ ಬೇರೆಯೇ ಆಟ ಇತ್ತು. ಅದರಲ್ಲಿ ಚೆಂಡು ಎತ್ತಿಕೊಂಡು ಓಡಬಹುದಿತ್ತು, ಅದನ್ನು ಬಿಟ್ಟುಕೊಡಲು ಅವರು ತಯಾರಿರಲಿಲ್ಲ.

ಹಾಗೆ ಒಂಟಿಯಾದ ಹಾರ್ವರ್ಡಿಗೆ ಜೋಡಿ ಸಿಕ್ಕಿದ್ದು ಕೆನಡಾದಿಂದ. ಮಾಂಟ್ರಿಯಲ್‌ನ ಮೆಕ್‌ಗಿಲ್ ಯೂನಿವರ್ಸಿಟಿಯ ಹುಡುಗರು 1874ರ ಮೇ ತಿಂಗಳಲ್ಲಿ ಬಂದು ಎರಡು ದಿನ ಆಡಿದರು. 14ನೇ ತಾರೀಖು ಹಾರ್ವರ್ಡಿನ ನಿಯಮ, ಹಾರ್ವರ್ಡ್ ಗೆದ್ದಿತು. 15ನೇ ತಾರೀಖು ಮೆಕ್‌ಗಿಲ್ಲಿನವರ ರಗ್ಬಿ ನಿಯಮ, ಯಾರಿಗೂ ಅಂಕ ಬರಲಿಲ್ಲ. ಅಂಕ ಬಾರದಿದ್ದರೂ ಆ ಎರಡನೇ ದಿನದ ಆಟಕ್ಕೆ ಹಾರ್ವರ್ಡಿನ ಹುಡುಗರು ಮನಸೋತುಬಿಟ್ಟರು. ಮೊಟ್ಟೆಯಾಕಾರದ ಚೆಂಡು, ಹಿಡಿದು ಓಡುವುದು, ಕೆಡವುವುದು ಎಲ್ಲ ಅವರಿಗೆ ಹಿಡಿಸಿತು. ಮರುವರ್ಷ ನವೆಂಬರ್ 13ರಂದು ಯೇಲ್ ಜೊತೆ ಆಡಿ ಗೆದ್ದು ಆ ರುಚಿ ಅವರಿಗೂ ಹಚ್ಚಿದರು. ಇವತ್ತಿಗೂ ಹಾರ್ವರ್ಡ್–ಯೇಲ್ ಪಂದ್ಯವನ್ನು ಅಲ್ಲಿ ಬರೀ 'ದ ಗೇಮ್' ಅನ್ನುತ್ತಾರೆ, ಬೇರೆ ಹೆಸರು ಬೇಕಿಲ್ಲ. ನನಗೆ ಅನ್ನಿಸುವುದು ಇಷ್ಟು: ಆ 1873ರ ಸಭೆಗೆ ಹಾರ್ವರ್ಡ್ ಹೋಗಿ ಸಹಿ ಹಾಕಿದ್ದರೆ, ಅಮೆರಿಕದ ಕಾಲೇಜು ಹುಡುಗರು ಇವತ್ತು ನಾವು ಬೆಳಗಾವಿಯ ಫೌಜಿ ಕ್ಯಾಂಪಿನಲ್ಲಿ ಆಡಿದ ಫುಟ್‌ಬಾಲನ್ನೇ ಆಡುತ್ತಿದ್ದರೋ ಏನೋ.

ಇನ್ನು ಜಾಗದ ಮಾತು. ನೀನು ನಿಂತು ಫೋಟೊ ತೆಗೆದ ಬಯಲಿಗೆ ಸೋಲ್ಜರ್ಸ್ ಫೀಲ್ಡ್ ಅನ್ನುತ್ತಾರೆ. ಹೆನ್ರಿ ಲೀ ಹಿಗಿನ್ಸನ್ ಎಂಬ ಬಾಸ್ಟನ್ನಿನ ಸಾಹುಕಾರ 1890ರಲ್ಲಿ ಅದನ್ನು ಯೂನಿವರ್ಸಿಟಿಗೆ ದಾನ ಕೊಟ್ಟ. ಆತ ತಾನೂ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದವನು. ಆ ಯುದ್ಧದಲ್ಲಿ ದುಡಿದು ತೀರಿಕೊಂಡ ತನ್ನ ಆರು ಜನ ಗೆಳೆಯರ ನೆನಪಿಗೆ ಭೂಮಿ ಕೊಟ್ಟು, ಅಲ್ಲಿ ಹುಡುಗರು ಆಡಬೇಕು ಅಂದ. ಗುಡಿಗೋ ಗೋರಿಗೋ ಕೊಡಬಹುದಿತ್ತು, ಮೈದಾನಕ್ಕೆ ಕೊಟ್ಟ. ಮರಾಠಾ ಲೈಟ್ ಇನ್‌ಫಂಟ್ರಿಯ ಊರಿನಲ್ಲಿ ಬೆಳೆದ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಂಪಿನಲ್ಲಿ ಫೌಜಿನ ಹುಡುಗರ ಎದುರು ಆಡಿ ಮೊಣಕಾಲು ಕೆತ್ತಿಸಿಕೊಂಡವರು ನಾವು. ಅವರಲ್ಲಿ ಯಾರು ಯಾವ ಗಡಿಗೆ ಹೋದರು, ಯಾರು ತಿರುಗಿ ಬಂದರು ಅಂತ ನಾವು ಕೇಳಲೂ ಇಲ್ಲ.

ಆ ಬಯಲಿನಲ್ಲಿ ಮೊದಲು ಇದ್ದದ್ದು ಮರದ ಗ್ಯಾಲರಿ. ನಮ್ಮ ಕಡೆ ಕುಸ್ತಿ ಕಣದ ಸುತ್ತ ಕಟ್ಟಿಗೆ ಹೊಡೆದು ಕಟ್ಟುತ್ತಾರಲ್ಲ, ಅದನ್ನೇ ದೊಡ್ಡದು ಮಾಡಿದಂತೆ. ಮಳೆ, ಹಿಮಕ್ಕೆ ಮರ ಕೊಳೆಯುತ್ತದೆ, ರಿಪೇರಿ ಮುಗಿಯುವುದೇ ಇಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಬೆಂಕಿಯದು. 1894ರ ಮೇ ತಿಂಗಳಲ್ಲಿ ಬಾಸ್ಟನ್ನಿನ ಸೌತ್ ಎಂಡ್ ಬೇಸ್‌ಬಾಲ್ ಮೈದಾನದಲ್ಲಿ ಪಂದ್ಯ ನಡೆಯುತ್ತಿರುವಾಗಲೇ ಮರದ ಗ್ಯಾಲರಿಗೆ ಕಿಡಿ ತಗುಲಿ, ಸುತ್ತಲಿನ ನೂರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಊರು ಅದನ್ನು ಮರೆತಿರಲಿಲ್ಲ.

ಆಗ ಹಾರ್ವರ್ಡಿನ ಇಂಜಿನಿಯರಿಂಗ್ ಮೇಷ್ಟ್ರುಗಳು ಮುಂದೆ ಬಂದರು. ಲೂಯಿಸ್ ಜಾನ್ಸನ್ ಎಂಬ ಪ್ರಾಧ್ಯಾಪಕ, ಹಾಗೂ ಆಟದ ಸಮಿತಿಯಲ್ಲಿದ್ದ ಐರಾ ಹಾಲಿಸ್, ಇಬ್ಬರೂ ಇದನ್ನು ಕಾಂಕ್ರೀಟಿನಲ್ಲಿ ಕಟ್ಟೋಣ ಅಂದರು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ನೀನು ಮೆಕ್ಯಾನಿಕಲ್‌ನವನು, ತಾಳ್ಮೆಯಿಂದ ಓದು. ಇವತ್ತು ನಮ್ಮ ಓಣಿಯ ಗವಂಡಿಯೂ ಆರ್‌ಸಿಸಿ, ಅಂದರೆ ಸಳಿ ಹಾಕಿದ ಕಾಂಕ್ರೀಟ್, ಸ್ಲ್ಯಾಬ್ ಅಂತ ಸಲೀಸಾಗಿ ಹೇಳುತ್ತಾನೆ. 1903ರಲ್ಲಿ ಅದು ಸಾಹಸದ ಮಾತು. ಕಾಂಕ್ರೀಟನ್ನು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತ ಬೀಳುವ ಜಾಗದಲ್ಲಿ ಉಕ್ಕಿನ ಸಳಿ ಇಟ್ಟರೆ ಅದು ಎಳೆತವನ್ನು ಹೊರುತ್ತದೆ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಒಂದನ್ನೊಂದು ಬಿಟ್ಟುಕೊಡುವುದಿಲ್ಲ. ಪುಸ್ತಕದಲ್ಲಿ ಇದೆಲ್ಲ ಸರಿ. ಆದರೆ ಸಾವಿರಾರು ಜನ ಒಟ್ಟಿಗೆ ಎದ್ದು ಕುಣಿಯುವಾಗ, ಬಾಸ್ಟನ್ನಿನ ಹಿಮದಲ್ಲಿ, ನದಿ ಪಕ್ಕದ ಜೌಗು ನೆಲದಲ್ಲಿ ಇದು ನಿಂತೀತೇ? ಅಷ್ಟು ದೊಡ್ಡದನ್ನು ಯಾರೂ ಕಟ್ಟಿ ನೋಡಿರಲಿಲ್ಲ. ಸಿನ್ಸಿನಾಟಿಯಲ್ಲಿ 16 ಮಹಡಿಯ ಇಂಗಾಲ್ಸ್ ಬಿಲ್ಡಿಂಗ್ ಆರ್‌ಸಿಸಿಯಲ್ಲಿ ಎದ್ದದ್ದೂ ಅದೇ ವರ್ಷ. ಅಲ್ಲಿಯವರೆಗೆ ಅಷ್ಟು ಎತ್ತರದ ಕಾಂಕ್ರೀಟ್ ಕಟ್ಟಡವೇ ಇರಲಿಲ್ಲ.

ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ನಮ್ಮ ಬ್ಯಾಚಿನವರು ಗಮನವಿಟ್ಟು ಓದಬೇಕು. 1879ರಲ್ಲಿ ಓದು ಮುಗಿಸಿದ ಬ್ಯಾಚಿನವರು ತಮ್ಮ 25 ವರ್ಷದ ನೆನಪಿಗೆ ಒಂದು ಲಕ್ಷ ಡಾಲರ್ ಕೊಟ್ಟರು. ಒಟ್ಟು ಖರ್ಚು ಸುಮಾರು ಮೂರು ಲಕ್ಷ ಡಾಲರ್, ಉಳಿದದ್ದು ಆಟದ ಟಿಕೆಟ್ಟಿನ ಗಳಿಕೆಯಿಂದ. ಕಟ್ಟಿ ಮುಗಿಸಿದ್ದು ಹೆಚ್ಚುಕಡಿಮೆ ನಾಲ್ಕೂವರೆ ತಿಂಗಳಲ್ಲಿ. ಕೂರುವ ಮೆಟ್ಟಿಲಿನ ಹಲಗೆಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು, ಒಣಗಿಸಿ, ತಂದು ಕೂರಿಸಿದರು. ಇವತ್ತು ನಾವು ಫ್ಲೈಓವರಿಗೆ ಮಾಡುವ ಪ್ರೀಕಾಸ್ಟ್ ಕೆಲಸ ಅವರು ಆಗಲೇ ಮಾಡಿದ್ದರು. ಆಕಾರ ಗ್ರೀಕರ ಸ್ಟೇಡಿಯಂನದು, ಒಂದು ತುದಿ ಬಿಚ್ಚಿದ ಕುದುರೆ ಲಾಳ. ಮೇಲಿನ ಕಂಬಗಳ ಸಾಲು ಬಂದದ್ದು ಆಮೇಲೆ, 1910ರಲ್ಲಿ. ಮೊದಲ ಪಂದ್ಯ 1903ರ ನವೆಂಬರ್ 14ರಂದು ಡಾರ್ಟ್‌ಮತ್ ಎದುರು. ಹೊಸ ಮನೆಯಲ್ಲಿ ಹಾರ್ವರ್ಡ್ 11–0ರಿಂದ ಸೋತಿತು. ಮುಂದಿನ ವಾರ ಯೇಲ್ ಬಂದು 16–0ರಿಂದ ಸೋಲಿಸಿ ಹೋಯಿತು. ಗ್ಯಾಲರಿ ಮಾತ್ರ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಈಗ ಬರುವುದು ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ.

ಆಗಿನ ಆಟ ಹೇಗಿತ್ತು ಕೇಳು. ಮೂರು ಪ್ರಯತ್ನದಲ್ಲಿ ಚೆಂಡನ್ನು ಐದು ಗಜ ಮುಂದೆ ಒಯ್ದರೆ ಸಾಕು, ಮತ್ತೆ ಮೂರು ಪ್ರಯತ್ನ ಸಿಗುತ್ತಿತ್ತು. ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಹಾಗಾಗಿ ಚೆಂಡು ಹಿಡಿದವನನ್ನು ನಡುವೆ ಇಟ್ಟುಕೊಂಡು ಹತ್ತು ಜನ ಒಂದೇ ಮುದ್ದೆಯಾಗಿ ನುಗ್ಗುವುದು, ಎದುರಿನ ಹನ್ನೊಂದು ಜನ ಅದನ್ನು ತಡೆಯುವುದು. ಕಬ್ಬಿನ ಸೀಸನ್ನಿನಲ್ಲಿ ಇಕ್ಕಟ್ಟಿನ ಓಣಿಯಲ್ಲಿ ಎರಡು ಟ್ರ್ಯಾಕ್ಟರ್ ಎದುರಾಬದುರಾ ಸಿಕ್ಕು, ಯಾರೂ ಹಿಂದೆ ಸರಿಯದೆ ಒತ್ತುವುದನ್ನು ನೋಡಿದ್ದೀಯಲ್ಲ, ಹಾಗೆ. ಒಳಗೆ ಸಿಕ್ಕವನ ಪಕ್ಕೆಲುಬು, ಕುತ್ತಿಗೆ ಯಾರಿಗೂ ಕಾಣುತ್ತಿರಲಿಲ್ಲ. ತಲೆಗೆ ಗಟ್ಟಿ ಹೆಲ್ಮೆಟ್ ಇಲ್ಲ. 1905ರ ಒಂದೇ ಸೀಸನ್ನಿನಲ್ಲಿ ದೇಶದಾದ್ಯಂತ ಶಾಲೆ, ಕಾಲೇಜು, ಕ್ಲಬ್ ಎಲ್ಲ ಸೇರಿ ಕನಿಷ್ಠ 18 ಜನ ಆಟದಲ್ಲಿ ಸತ್ತರು ಅಂತ ಆಗಿನ ಪತ್ರಿಕೆಗಳು ಲೆಕ್ಕ ಕೊಟ್ಟವು. ಬಹಳಷ್ಟು ಜನ ಇನ್ನೂ ಮೀಸೆ ಮೂಡುವ ವಯಸ್ಸಿನವರು.

ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡಿನಲ್ಲೇ ಓದಿದವನು, ಆಟದ ಅಭಿಮಾನಿ. ಅದೇ ವರ್ಷ ಅವನ ಮಗ ಹಾರ್ವರ್ಡಿನ ಮೊದಲ ವರ್ಷದವರ ತಂಡದಲ್ಲಿ ಆಡುತ್ತಿದ್ದ. 1905ರ ಅಕ್ಟೋಬರ್ 9ರಂದು ಆತ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನಿನವರನ್ನು ವೈಟ್ ಹೌಸಿಗೆ ಕರೆಸಿ ಆಟವನ್ನು ಸ್ವಚ್ಛ ಮಾಡಿ ಅಂದ. ಹೇಳಿದ್ದು ಆಯಿತು, ಆಗಿದ್ದು ಏನೂ ಇಲ್ಲ. ನವೆಂಬರ್ 25ರಂದು ಇದೇ ಸ್ಟೇಡಿಯಂನಲ್ಲಿ ಯೇಲ್ ಪಂದ್ಯ. ಬೀಳುವ ಚೆಂಡನ್ನು ಹಿಡಿಯಲು ಕೈ ಎತ್ತಿ ಸನ್ನೆ ಮಾಡಿ ನಿಂತಿದ್ದ ಫ್ರಾನ್ಸಿಸ್ ಬರ್ ಎಂಬ ಹಾರ್ವರ್ಡಿನ ಹುಡುಗನಿಗೆ ಎದುರಾಳಿಗಳು ಗುದ್ದಿದರು, ಮೂಗು ಒಡೆದು ರಕ್ತ ಹರಿಯಿತು. ನಿಯಮದ ಪ್ರಕಾರ ಅವನನ್ನು ಯಾರೂ ಮುಟ್ಟುವಂತಿರಲಿಲ್ಲ. ರೆಫರಿ ಶಿಕ್ಷೆ ಕೊಡಲಿಲ್ಲ. ಕಿಕ್ಕಿರಿದ ಗ್ಯಾಲರಿಯೆಲ್ಲ ಅದನ್ನು ನೋಡಿತು. ಅದೇ ದಿನ ನ್ಯೂಯಾರ್ಕಿನಲ್ಲಿ ಯೂನಿಯನ್ ಕಾಲೇಜಿನ ಹೆರಾಲ್ಡ್ ಮೂರ್ ಎಂಬ ಹುಡುಗ ಪಂದ್ಯದಲ್ಲಿ ಪೆಟ್ಟು ತಿಂದು ಸತ್ತ. ನ್ಯೂಯಾರ್ಕ್ ಯೂನಿವರ್ಸಿಟಿಯ ಮುಖ್ಯಸ್ಥ ಹೆನ್ರಿ ಮೆಕ್‌ಕ್ರ್ಯಾಕನ್ ಕಾಲೇಜುಗಳ ಸಭೆ ಕರೆದದ್ದು ಆ ಸಾವಿನ ನಂತರ. ಅಮೆರಿಕದ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಇವತ್ತಿನ ಎನ್‌ಸಿಎಎ ಎಂಬ ಸಂಸ್ಥೆ ಹುಟ್ಟಿದ್ದು ಆ ಸಭೆಗಳಿಂದ.

ಹಾರ್ವರ್ಡಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಮೊದಲಿನಿಂದಲೂ ಈ ಆಟದ ವಿರೋಧಿ. ನಿಯಮ ಬದಲಾಗದಿದ್ದರೆ ನಾವು ಆಡುವುದನ್ನೇ ಬಿಡುತ್ತೇವೆ ಎಂಬ ಮಟ್ಟಕ್ಕೆ ಹಾರ್ವರ್ಡ್ ಬಂತು. ಕೋಚ್ ಬಿಲ್ ರೀಡ್ ನಿಯಮ ಸಮಿತಿಯಲ್ಲಿ ಕೂತ. ಆಟವನ್ನು ಬಿಚ್ಚಬೇಕು, ಮುದ್ದೆಯನ್ನು ಒಡೆಯಬೇಕು ಎನ್ನುವುದರಲ್ಲಿ ಬಹಳ ಜನ ಒಪ್ಪಿದ್ದರು. ಹೇಗೆ? ಮೈದಾನವನ್ನು ಸುಮಾರು 40 ಅಡಿ ಅಗಲ ಮಾಡಿದರೆ ಆಟಗಾರರು ಬದಿಗೆ ಹರಡುತ್ತಾರೆ, ಓಟಕ್ಕೆ ಜಾಗ ಸಿಗುತ್ತದೆ ಎಂಬ ಮಾತು ಬಂತು. ಸರಳ ಪರಿಹಾರ, ಸುಣ್ಣದ ಗೆರೆ ಆಚೆಗೆ ಎಳೆದರೆ ಮುಗಿಯಿತು. ಆದರೆ ಹಾರ್ವರ್ಡಿನ ಹೊಸ ಗ್ಯಾಲರಿ ಗೆರೆಯ ಬಗಲಿಗೇ ನಿಂತಿತ್ತು. ಮರದ್ದಾಗಿದ್ದರೆ ಕಿತ್ತು ಹಿಂದೆ ಸರಿಸಬಹುದಿತ್ತು. ಇದು ಕಾಂಕ್ರೀಟು, ಮೂರು ವರ್ಷ ಕೂಡ ಆಗಿರಲಿಲ್ಲ, ಹಳೇ ಬ್ಯಾಚಿನವರು ಕೊಟ್ಟ ದುಡ್ಡಿನದು. ದೇಶದ ಅತಿ ದೊಡ್ಡ ಕಾಯಂ ಕಾಲೇಜು ಸ್ಟೇಡಿಯಂ ಬಿಟ್ಟು ನಿಯಮ ಮಾಡುವುದು ಯಾರಿಗೂ ಸಾಧ್ಯವಿರಲಿಲ್ಲ. ಅಗಲ ಮಾಡುವ ಮಾತು ಅಲ್ಲಿಗೆ ಬಿತ್ತು.

ಬದಿಗೆ ಹೋಗಲಾಗದ ಆಟ ಮೇಲಕ್ಕೆ ಹೋಯಿತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಫಾರ್ವರ್ಡ್ ಪಾಸ್! ಜೊತೆಗೆ ಮೂರು ಪ್ರಯತ್ನಕ್ಕೆ ಐದರ ಬದಲು ಹತ್ತು ಗಜ, ಎರಡು ತಂಡಗಳ ನಡುವೆ ಖಾಲಿ ಪಟ್ಟಿ. ಕಾಂಕ್ರೀಟ್ ಒಂದರಿಂದಲೇ ಇದಾಯಿತು ಅಂತ ನಾನು ಹೇಳುವುದಿಲ್ಲ. ಜಾನ್ ಹೈಸ್‌ಮನ್‌ನಂಥ ಕೋಚ್‌ಗಳು ಮುಂದಿನ ಎಸೆತ ಕೊಡಿ ಅಂತ ಮೊದಲೇ ಬೆನ್ನು ಹತ್ತಿದ್ದರು. ಆದರೆ ಸುಲಭದ ದಾರಿ ಮುಚ್ಚಿದ್ದು ಆ ಗ್ಯಾಲರಿ. ಆ ವರ್ಷ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿ ಯೂನಿವರ್ಸಿಟಿಯ ಬ್ರಾಡ್‌ಬರಿ ರಾಬಿನ್ಸನ್ ಮೊದಲ ಪಾಸ್ ಎಸೆದ. ಶುರುವಿನ ನಿಯಮ ಬಹಳ ಬಿಗಿ ಇತ್ತು. ಎಸೆದ ಚೆಂಡು ಯಾರಿಗೂ ತಾಗದೆ ನೆಲಕ್ಕೆ ಬಿದ್ದರೆ ಚೆಂಡು ಎದುರಾಳಿಗೆ ಹೋಗುತ್ತಿತ್ತು, ಹಾಗಾಗಿ ದೊಡ್ಡ ಕಾಲೇಜುಗಳು ಹೆದರುತ್ತಲೇ ಎಸೆದವು. ಸಾವುಗಳೂ ಒಂದೇ ವರ್ಷದಲ್ಲಿ ನಿಂತುಹೋಗಲಿಲ್ಲ, ಮುಂದೆ ಇನ್ನೂ ನಿಯಮ ತಿದ್ದಬೇಕಾಯಿತು. ಆದರೆ ಇವತ್ತು ನೀನು ಟಿವಿಯಲ್ಲಿ ನೋಡುವ ಆ ಉದ್ದನೆಯ ಎಸೆತ, ಓಡುತ್ತಲೇ ಹಿಂದೆ ತಿರುಗಿ ಚೆಂಡು ಹಿಡಿಯುವ ಹುಡುಗ, ಎಲ್ಲ ಬಂದದ್ದು ಈ ಬಾಗಿಲಿನಿಂದ. ಮೈದಾನದ ಅಗಲ ಇವತ್ತಿಗೂ ಅದೇ 160 ಅಡಿ, ಅಂದರೆ 49 ಮೀಟರಿಗೂ ಸ್ವಲ್ಪ ಕಡಿಮೆ.

ಒಬ್ಬ ವ್ಯಕ್ತಿಯ ಹೆಸರು ಹೇಳದೆ ಮುಂದೆ ಹೋಗಲಾರೆ. ವಿಲಿಯಂ ಹೆನ್ರಿ ಲೂಯಿಸ್. ಗುಲಾಮರಾಗಿದ್ದು ಬಿಡುಗಡೆ ಹೊಂದಿದ ತಂದೆತಾಯಿಯ ಮಗ. 1892 ಮತ್ತು 1893ರಲ್ಲಿ ಹಾರ್ವರ್ಡಿಗೆ ಸೆಂಟರ್ (ಸಾಲಿನ ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವವನು) ಆಡಿ, ದೇಶದ ಅತ್ಯುತ್ತಮ ಹನ್ನೊಂದರ ಪಟ್ಟಿಗೆ ಸೇರಿದ ಮೊದಲ ಕಪ್ಪು ಆಟಗಾರ. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಕೋಚ್‌ಗಳ ಜೊತೆ ದುಡಿದ, ಸ್ಟೇಡಿಯಂ ಕಟ್ಟಿದ್ದೂ ಆ ಕಾಲದಲ್ಲೇ. ಮುಂದೆ ವಕೀಲನಾಗಿ ಅಮೆರಿಕದ ಸಹಾಯಕ ಅಟಾರ್ನಿ ಜನರಲ್ ಹುದ್ದೆಗೇರಿದ. ಹಾರ್ವರ್ಡ್ ಇರುವ ಊರಿನ ಕ್ಷೌರದಂಗಡಿಯವನೂ ಅವನಿಗೆ ಕ್ಷೌರ ಮಾಡಲು ಒಪ್ಪದ ಕಾಲದಲ್ಲಿ, ಸಾವಿರಾರು ಬಿಳಿಯರು ಅವನ ಆಟಕ್ಕೆ ಚಪ್ಪಾಳೆ ಹೊಡೆದರು. ಇದನ್ನು ಓದಿದಾಗ ನಮ್ಮ ಟೀಮಿನ ಸೆಂಟರ್ ಹಾಫ್ ನೆನಪಾದ. ಗೋಲು ಹೊಡೆದಾಗ ಅವನನ್ನು ಹೆಗಲ ಮೇಲೆ ಹೊತ್ತ ಕೈಗಳಲ್ಲಿ ಎಷ್ಟು ಕೈ ಅವನನ್ನು ಮನೆಯ ಒಳಗೆ ಊಟಕ್ಕೆ ಕರೆದಿದ್ದವು ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಅವ್ವ ಕರೆದಿದ್ದಳು. ಅದಕ್ಕೇ ಆ ಮನೆಯ ಮೇಲೆ ನನಗೆ ಇವತ್ತಿಗೂ ಗೌರವ.

ಮುಂದಿನದ್ದನ್ನು ಬೇಗ ಹೇಳುತ್ತೇನೆ. 1911ರಲ್ಲಿ ಮೂಲನಿವಾಸಿ ಹುಡುಗರ ಕಾರ್ಲೈಲ್ ಶಾಲೆಯ ತಂಡ ಈ ಸ್ಟೇಡಿಯಂಗೆ ಬಂದು 18–15ರಿಂದ ಗೆದ್ದಿತು. ಕಾಲಿಗೆ ಪೆಟ್ಟಾಗಿದ್ದರೂ ಜಿಮ್ ಥಾರ್ಪ್ ನಾಲ್ಕು ಫೀಲ್ಡ್ ಗೋಲ್, ಅಂದರೆ ಕಂಬಗಳ ನಡುವೆ ಚೆಂಡು ಒದ್ದು ಪಡೆಯುವ ಗೋಲ್, ಒದ್ದ. 1914ರಲ್ಲಿ ಯೇಲ್ ತನ್ನದೇ ದೊಡ್ಡ ಬಟ್ಟಲಿನಾಕಾರದ ಸ್ಟೇಡಿಯಂ ಕಟ್ಟಿತು, ಅಲ್ಲಿಯ ಮೊದಲ 'ಗೇಮ್'ನಲ್ಲಿ ಹಾರ್ವರ್ಡ್ 36–0. ಕೋಚ್ ಪರ್ಸಿ ಹಾಟನ್‌ನ ಕಾಲ ಅದು. 1920ರ ಜನವರಿ 1ರಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿ ರೋಸ್ ಬೌಲ್ ಎಂಬ ಹೊಸವರ್ಷದ ಪಂದ್ಯದಲ್ಲಿ ಆರೆಗನ್ ಯೂನಿವರ್ಸಿಟಿಯನ್ನು 7–6ರಿಂದ ಸೋಲಿಸಿತು. 1929ರಲ್ಲಿ ಲಾಳದ ಬಿಚ್ಚಿದ ತುದಿಗೆ ಉಕ್ಕಿನ ಗ್ಯಾಲರಿ ಸೇರಿಸಿ 57 ಸಾವಿರ ಜನ ಕೂರುವಂತೆ ಮಾಡಿದರು, 1951ರಲ್ಲಿ ಅದನ್ನು ತೆಗೆದರು. ಆಮೇಲೆ ಉಳಿದದ್ದು ಸುಮಾರು 30 ಸಾವಿರ. ನೋಡು, ಉಕ್ಕಿನದು ಬಂತು ಹೋಯಿತು, ಕಾಂಕ್ರೀಟಿನದು ಕೂತಲ್ಲೇ ಕೂತಿದೆ.

ಆದರೆ 1968ರ ನವೆಂಬರ್ 23ನ್ನು ಬೇಗ ಹೇಳಲಾಗದು. ಹಾರ್ವರ್ಡ್, ಯೇಲ್ ಎರಡೂ ಆ ವರ್ಷ ಒಂದೂ ಪಂದ್ಯ ಸೋಲದೆ, ಎಂಟೆಂಟು ಗೆದ್ದು ಇಲ್ಲಿ ಸೇರಿದವು. ಯೇಲ್ ಕಡೆ ಬ್ರಯನ್ ಡೌಲಿಂಗ್, ಕ್ಯಾಲ್ವಿನ್ ಹಿಲ್, ಇಬ್ಬರೂ ಹೆಸರುವಾಸಿಗಳು. ನೋಡನೋಡುತ್ತ ಯೇಲ್ 22–0. ಹಾರ್ವರ್ಡಿನ ಕೋಚ್ ಬೆಂಚಿನ ಮೇಲಿದ್ದ ಫ್ರ್ಯಾಂಕ್ ಚ್ಯಾಂಪಿಯನ್ನು ಒಳಗೆ ಕಳಿಸಿದ. ಆದರೂ ಕೊನೆಯ 42 ಸೆಕೆಂಡ್ ಉಳಿದಾಗ ಯೇಲ್ 29, ಹಾರ್ವರ್ಡ್ 13. ಜನ ಎದ್ದು ಹೊರಡುವ ಹೊತ್ತು. ಚ್ಯಾಂಪಿ ಎಸೆದ ಪಾಸ್ ಹಿಡಿದು ಬ್ರೂಸ್ ಫ್ರೀಮನ್ ಗಡಿ ದಾಟಿದ, ಅದಕ್ಕೆ ಟಚ್‌ಡೌನ್ ಅನ್ನುತ್ತಾರೆ, ಆರು ಅಂಕ. ಟಚ್‌ಡೌನ್ ನಂತರದ ಪ್ರಯತ್ನಕ್ಕೆ ಹೆಚ್ಚುವರಿ ಎರಡೂ ಬಂತು, 21. ಮತ್ತೆ ಶುರುಮಾಡುವ ಕಿಕ್ಕನ್ನು ಗಿಡ್ಡಗೆ ಒದ್ದು, ಉರುಳಿದ ಚೆಂಡಿನ ಮೇಲೆ ಹಾರ್ವರ್ಡಿನವನೇ ಬಿದ್ದ. ಗಡಿಯಾರ ಸೊನ್ನೆ ಮುಟ್ಟುವಾಗ ಚ್ಯಾಂಪಿ ಮತ್ತೆ ಎಸೆದ, ನಾಯಕ ವಿಕ್ ಗ್ಯಾಟೊ ಹಿಡಿದ. 27. ಜನ ಮೈದಾನಕ್ಕೆ ನುಗ್ಗಿದ್ದರು, ಅವರನ್ನು ಸರಿಸಿ ಕೊನೆಯ ಎರಡಂಕದ ಪ್ರಯತ್ನ. ಪೀಟ್ ವಾರ್ನಿಗೆ ಪಾಸ್. 29–29! ವಿದ್ಯಾರ್ಥಿಗಳ ಪತ್ರಿಕೆ ಮಾರನೇ ಸಂಚಿಕೆಯಲ್ಲಿ 'ಹಾರ್ವರ್ಡ್ ಯೇಲನ್ನು ಸೋಲಿಸಿತು, 29–29' ಅಂತ ತಲೆಬರಹ ಕೊಟ್ಟಿತು. ಆಮೇಲೆ ಸಿನಿಮಾ ನಟನಾದ ಟಾಮಿ ಲೀ ಜೋನ್ಸ್ ಅವತ್ತು ಹಾರ್ವರ್ಡಿನ ಸಾಲಿನಲ್ಲಿ ನಿಂತು ಆಡಿದ್ದ. ನನಗೆ ರೋಮಾಂಚನವಾಗುವುದು ಬೇರೆ ಕಾರಣಕ್ಕೆ. ಆ 42 ಸೆಕೆಂಡಿನ ಎರಡೂ ಟಚ್‌ಡೌನ್, ಕೊನೆಯ ಎರಡಂಕ, ಎಲ್ಲ ಮುಂದಕ್ಕೆ ಎಸೆದ ಪಾಸ್‌ಗಳು. ಯಾವ ಗ್ಯಾಲರಿ ಅಗಲದ ದಾರಿ ಮುಚ್ಚಿತ್ತೋ ಅದರ ಮುಂದೆಯೇ ಚೆಂಡು ಗಾಳಿಯಲ್ಲಿ ಹೋಗಿ ತಂಡವನ್ನು ಉಳಿಸಿತು.

ನಮ್ಮ ಫುಟ್‌ಬಾಲೂ ಅಲ್ಲಿ ಕಾಲಿಟ್ಟಿದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಕೆಲವು ಪಂದ್ಯಗಳು ಅಲ್ಲಿ ನಡೆದವು. 1987ರಲ್ಲಿ ಆ ಕಟ್ಟಡಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆ ಸಿಕ್ಕಿತು. 2006ರಲ್ಲಿ ಹುಲ್ಲು ತೆಗೆದು ಕೃತಕ ಹಾಸು ಹಾಕಿದರು, 2007ರಲ್ಲಿ ದೀಪ ಬಂದು ಮೊದಲ ಬಾರಿ ರಾತ್ರಿ ಪಂದ್ಯ ಆಯಿತು. ಬೆಳಿಗ್ಗೆ ಜನ ಆ 37 ವಿಭಾಗಗಳ ಮೆಟ್ಟಿಲು ಹತ್ತಿಳಿದು ಕಸರತ್ತು ಮಾಡುತ್ತಾರಂತೆ. ನಿನ್ನ ಮೊಣಕಾಲಿಗೆ ಅದು ಬೇಡ, ಕೆಳಗಿನ ಸಾಲಿನಲ್ಲಿ ಕೂತು ಬಾ.

ಈಗ ನಮ್ಮ ಮೈದಾನ. ಡ್ರಾಯಿಂಗಿನಲ್ಲಿ ನಾನು ಮೊದಲು ಗ್ಯಾಲರಿ ಬರೆಯಲಿಲ್ಲ, ಮೈದಾನ ಬರೆದೆ. ಉದ್ದ 105 ಮೀಟರ್, ಅಗಲ 68, ಅದರಾಚೆ ಓಡಿ ಬಂದ ಹುಡುಗ ಜಾರಿದರೂ ಕಟ್ಟೆಗೆ ಬಡಿಯದಷ್ಟು ಖಾಲಿ ನೆಲ. ನಾವು ಆಡುವಾಗ ಅಷ್ಟು ಅಗಲ ಇರಲಿಲ್ಲ, ಕಂಪೌಂಡ್ ಗೋಡೆಗೆ ಎಷ್ಟು ಸಲ ಹೆಗಲು ಕೊಟ್ಟಿದ್ದೀ ನೆನಪಿಸಿಕೋ. ಉತ್ತರ-ದಕ್ಷಿಣ ಉದ್ದ ಇಟ್ಟಿದ್ದೇನೆ, ಸಂಜೆ ಬಿಸಿಲು ಯಾವ ಗೋಲಿಯ (ಗೋಲ್‌ಕೀಪರನ) ಕಣ್ಣಿಗೂ ನೇರ ಹೊಡೆಯಬಾರದು. ಗ್ಯಾಲರಿ ಪಶ್ಚಿಮಕ್ಕೆ ಮಾತ್ರ, ಸೂರ್ಯ ನೋಡುವವರ ಬೆನ್ನಿಗೆ ಬೀಳುತ್ತಾನೆ. ಉಳಿದ ಮೂರು ಕಡೆ ಖಾಲಿ ಬಿಡಬೇಕು. ಮುಂದೆ ಯಾರಿಗಾದರೂ ಓಟದ ಟ್ರ್ಯಾಕ್ ಬೇಕೆನಿಸಬಹುದು, ಹಾಕಿ ಬೇಕೆನಿಸಬಹುದು, ನಮಗೆ ಗೊತ್ತಿಲ್ಲದ ಆಟ ಬರಬಹುದು. ಹಾರ್ವರ್ಡಿನವರಿಗೆ ದಾರಿ ಮುಚ್ಚಿದಾಗ ಆಕಾಶ ಸಿಕ್ಕಿತು, ಯಾಕೆಂದರೆ ಅವರ ಚೆಂಡು ಕೈಯಲ್ಲಿತ್ತು. ನಮ್ಮ ಹುಡುಗರ ಆಟಕ್ಕೆ ಬೇಕಾದದ್ದು ಅಗಲ. ವಿಂಗಿನಲ್ಲಿ ಓಡುವ ಹುಡುಗನ ಬಗಲಿಗೆ ಗೋಡೆ ತಂದಿಟ್ಟರೆ ಅವನು ಕಲಿಯುವುದೇ ಒಳಗೆ ತಿರುಗಿ ಗುಂಪಿಗೆ ನುಗ್ಗುವುದನ್ನು.

ನೆಲದ ವಿಷಯ ನಿನಗೆ ಗೊತ್ತು. ಮೇಲಿನ ಬದಿ ಮಸಾರಿ, ಕೆಳಗಿನ ಮೂಲೆ ಎರಿ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅಲ್ಲಿ ಪಾಯ ಆಳಕ್ಕೆ ಹೋಗಲೇಬೇಕು. ಗ್ಯಾಲರಿಯ ಮೆಟ್ಟಿಲ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು ಚರಂಡಿ ಸೇರಬೇಕು, ಮೈದಾನಕ್ಕೆ ಇಳಿಯಬಾರದು. ಜುಲೈನ ಬೆಳಗಾವಿ ಮಳೆಯಲ್ಲಿ ಅದೊಂದು ತಪ್ಪಿದರೆ ಗೋಲ್‌ಪೋಸ್ಟ್ ಮುಂದೆ ಕೆರೆಯಾಗುತ್ತದೆ. ಸ್ಲ್ಯಾಬ್ ಕೆಲಸ ಮಳೆ ನಿಂತ ಮೇಲೆ ಹಿಡಿದು ಬೇಸಿಗೆಯೊಳಗೆ ಮುಗಿಸಬೇಕು, ನೀರು ಹೊಡೆಯುವುದರಲ್ಲಿ ಒಂದು ದಿನವೂ ಸೋಮಾರಿತನ ನಡೆಯದು. ಗ್ಯಾಲರಿ ಕೆಳಗೆ ಎರಡು ಖೋಲಿ ಇಟ್ಟಿದ್ದೇನೆ, ಒಂದು ಹುಡುಗಿಯರ ಟೀಮಿಗೆ, ಸಂಡಾಸು ಬಚ್ಚಲು ಸಹಿತ. ಬೇವಿನ ಗಿಡದ ಮರೆಗೆ ನಿಂತು ಜರ್ಸಿ ಬದಲಿಸಿದ ಕಾಲ ನಮ್ಮೊಂದಿಗೇ ಮುಗಿಯಲಿ. ಇದನ್ನು ಕಡಿಮೆ ಮಾಡಿ ಆ ದುಡ್ಡಿನಲ್ಲಿ ಎರಡು ಸಾಲು ಮೆಟ್ಟಿಲು ಹೆಚ್ಚಿಸೋಣ ಅಂದವರಿಗೆ ನಾನು ಸಾಫ್ ಇಲ್ಲ ಅಂದಿದ್ದೇನೆ.

ನಿನ್ನಿಂದ ನನಗೆ ಎರಡು ಕೆಲಸ ಆಗಬೇಕು. ಒಂದು, ಹಾರ್ವರ್ಡಿನ ಗ್ಯಾಲರಿಯ ಕೆಳಭಾಗ ನೋಡಿ ಬಾ. ಕಾಂಕ್ರೀಟ್ ತುಂಡುಗಳ ನಡುವೆ ಬಿಟ್ಟ ಸಂದು ಎಲ್ಲೆಲ್ಲಿದೆ, ನೀರಿನ ಕಲೆ ಎಲ್ಲಿ ಇಳಿದಿದೆ, ಮೊದಲ ಸಾಲು ನೆಲದಿಂದ ಎಷ್ಟು ಎತ್ತರಕ್ಕಿದೆ, ಹತ್ತಿರದಿಂದ ಫೋಟೊ ತೆಗೆ. ಅಲ್ಲಿ ಬಿರುಕಿಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ, ನೂರಿಪ್ಪತ್ತು ವರ್ಷ ಅದನ್ನು ಹೇಗೆ ತಡೆದರು ಅಂತ ನನ್ನ ಕಣ್ಣಿಗೆ ಕಾಣಬೇಕು. ಎರಡು, ನವೆಂಬರಿನವರೆಗೆ ಅಲ್ಲೇ ಇರುವುದಾದರೆ ಒಂದು ಶನಿವಾರ ಮಗಳ ಜೊತೆ ಪಂದ್ಯಕ್ಕೆ ಹೋಗು. ಯೇಲ್ ಪಂದ್ಯ ಸಾಮಾನ್ಯವಾಗಿ ಸಮಸಂಖ್ಯೆಯ ವರ್ಷ ಅಲ್ಲಿ, ಬೆಸಸಂಖ್ಯೆಯ ವರ್ಷ ಯೇಲ್‌ನ ಊರಾದ ನ್ಯೂ ಹೇವನ್ನಿನಲ್ಲಿ. ನಿನಗೆ ಗೋಲಿಯ ಕಣ್ಣಿದೆ, ಚೆಂಡು ಗಾಳಿಯಲ್ಲಿರುವಾಗ ಯಾರು ಎಲ್ಲಿಗೆ ಓಡುತ್ತಿದ್ದಾರೆ ಅಂತ ನನಗಿಂತ ಚೆನ್ನಾಗಿ ಕಾಣುತ್ತದೆ. ನೋಡಿ ಬರೆ.

ಡ್ರಾಯಿಂಗನ್ನು ಭಾನುವಾರ ಗ್ರೂಪಿಗೆ ಹಾಕುತ್ತೇನೆ. ಒಂದೇ ಕಡೆ ಗ್ಯಾಲರಿ ಸಾಕು ಅನ್ನುವುದಕ್ಕೆ ನೀನು ಒಪ್ಪಿದರೆ ಅಲ್ಲೇ ಬಾಯಿಬಿಟ್ಟು ಹೇಳು, ನಿನ್ನ ಮಾತಿಗೆ ಅವರು ಬೆಲೆ ಕೊಡುತ್ತಾರೆ. ಒಪ್ಪದಿದ್ದರೆ ನನಗೆ ಫೋನ್ ಮಾಡು, ಇಲ್ಲಿ ಎಷ್ಟೇ ಹೊತ್ತಾಗಿದ್ದರೂ ಎತ್ತುತ್ತೇನೆ. ವೈನಿಯವರಿಗೆ ನಮಸ್ಕಾರ, ಮಗಳಿಗೆ ಆಶೀರ್ವಾದ. ಬರುವಾಗ ಆ ಮೊಟ್ಟೆಯಾಕಾರದ ಚೆಂಡು ಒಂದು ತಾ, ನಮ್ಮ ಹುಡುಗರೂ ಎಸೆದು ನೋಡಲಿ.

ನಿನ್ನ,
ಎಡಬದಿಯ ಹಳೇ ಬ್ಯಾಕ್